ಅಮೆರಿಕದ ಅಧ್ಯಕ್ಷರ ಅಧಿಕಾರ ಮತ್ತು ಕುಗ್ಗುತ್ತ ಬಂದ ಕಾಲಾವಕಾಶ

ಪ್ರಶ್ನೆ: ಅಮೆರಿಕದ ಅಧ್ಯಕ್ಷರು ಸಾಮಾಜಿಕ ಜಾಲತಾಣದಲ್ಲಿ ನಾಲ್ಕು ಸಾಲು ಬರೆದರೆ ಸಾಕು, ಷೇರುಪೇಟೆ ಏರಿಳಿಯುತ್ತದೆ, ಅಲ್ಲಿ ಕೆಲಸ ಮಾಡುತ್ತಿರುವ ನಮ್ಮ ಮಕ್ಕಳು ಗಾಬರಿಯಿಂದ ಫೋನ್ ಮಾಡುತ್ತಾರೆ. ಇಷ್ಟು ಅಧಿಕಾರ ಅವರಿಗೆ ಸಂವಿಧಾನದಿಂದ ಬಂದದ್ದೋ, ಹೊಸ ತಂತ್ರಜ್ಞಾನದಿಂದ ಬಂದದ್ದೋ? ಅಂತಹ ಬರಹವನ್ನು ಸರ್ಕಾರದ ಆದೇಶವೆಂದೇ ತಿಳಿಯಬೇಕೆ?

ಉತ್ತರ: ಅಮೆರಿಕದ ಸಂವಿಧಾನದಲ್ಲಿ ಅಧ್ಯಕ್ಷರ ಅಧಿಕಾರವನ್ನು ವಿವರಿಸುವುದು ಎರಡನೆಯ ವಿಧಿ. 1787ರಲ್ಲಿ ಫಿಲಡೆಲ್ಫಿಯಾದಲ್ಲಿ ಬರೆದ ಆ ವಿಧಿಯ ಪ್ರಕಾರ ಅಧ್ಯಕ್ಷರು ಸೇನೆಗಳ ಮಹಾದಂಡನಾಯಕರು, ಸಂಸತ್ತಿನ ಮೇಲ್ಮನೆಯಾದ ಸೆನೆಟ್ಟಿನ ಒಪ್ಪಿಗೆ ಪಡೆದು ಒಪ್ಪಂದಗಳನ್ನು ಮಾಡಿಕೊಳ್ಳಬಲ್ಲವರು, ಕಾನೂನುಗಳು ನಿಷ್ಠೆಯಿಂದ ಜಾರಿಯಾಗುವಂತೆ ನೋಡಿಕೊಳ್ಳಬೇಕಾದವರು. ಅನಂತರ ಬಂದ ತಿದ್ದುಪಡಿಗಳು ಅಧ್ಯಕ್ಷರ ಆಯ್ಕೆಯ ಕ್ರಮವನ್ನು, ಅಧಿಕಾರದ ಅವಧಿಯನ್ನು, ಸ್ಥಾನ ತೆರವಾದಾಗ ಅನುಸರಿಸಬೇಕಾದ ಕ್ರಮವನ್ನು ಬದಲಿಸಿವೆಯೇ ಹೊರತು ಈ ಅಧಿಕಾರಗಳಿಗೆ ಹೊಸದೇನನ್ನೂ ಸೇರಿಸಿಲ್ಲ. ಬರೆದ ಮಾತು ಹಾಗೆಯೇ ಇದ್ದರೂ ಪದವಿ ಮಾತ್ರ ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ನರಿಗೆ ಗುರುತು ಸಿಗದಷ್ಟು ಬೆಳೆದಿದೆ. ಇದಕ್ಕೆ ಯುದ್ಧಗಳು, ಆರ್ಥಿಕ ಕುಸಿತ, ಅಲ್ಲಿನ ಸಂಸತ್ತಾದ ಕಾಂಗ್ರೆಸ್ ತಾನಾಗಿಯೇ ಬಿಟ್ಟುಕೊಟ್ಟ ಹಕ್ಕುಗಳು ಎಲ್ಲವೂ ಕಾರಣ. ಆದರೆ ತಂತ್ರಜ್ಞಾನದ ಪಾಲು ಎಷ್ಟೆಂದು ಕೇಳಿದರೆ, ರೇಡಿಯೊ, ಟಿವಿ, ಟ್ವಿಟರ್‌ಗಳು ಅಧ್ಯಕ್ಷರಿಗೆ ದೊಡ್ಡ ದನಿ ಕೊಟ್ಟವು ಎಂಬ ಸಾಮಾನ್ಯ ಉತ್ತರ ನನಗೆ ಸಾಲದು. ಒಂದು ಘಟನೆ ನಡೆಯುವುದಕ್ಕೂ, ಅದರ ಸುದ್ದಿ ಅಧ್ಯಕ್ಷರನ್ನು ಮುಟ್ಟುವುದಕ್ಕೂ, ಅವರ ಅಪ್ಪಣೆ ಜಾರಿಯಾಗುವುದಕ್ಕೂ ನಡುವೆ ಇದ್ದ ಕಾಲವನ್ನು ತಂತ್ರಜ್ಞಾನ ಕರಗಿಸಿತು. 535 ಸದಸ್ಯರು ಕುಳಿತು ವಾದಿಸಿ ಮತ ಹಾಕಬೇಕಾದ ಕಾಂಗ್ರೆಸ್ಸಿಗೆ ಕಾಲ ಬೇಕು. ಒಬ್ಬರೇ ಆದ ಅಧ್ಯಕ್ಷರಿಗೆ ಬೇಡ. ಕಾಲ ಕುಗ್ಗಿದಷ್ಟೂ ನಿರ್ಧಾರ ತಾನಾಗಿಯೇ ಆ ಒಬ್ಬರ ಕಡೆಗೆ ಹರಿಯಿತು. ತ್ವರಿತ ಮತ್ತು ಗೋಪ್ಯ ಕ್ರಮಕ್ಕೆ ಒಬ್ಬನೇ ಅಧಿಕಾರಿ ಬೇಕೆಂದು ಸಂವಿಧಾನ ಸಭೆಯಲ್ಲಿದ್ದ ಅಲೆಕ್ಸಾಂಡರ್ ಹ್ಯಾಮಿಲ್ಟನ್ 1788ರಲ್ಲಿಯೇ ವಾದಿಸಿದ್ದರು. ಆ ತ್ವರೆ ಎಷ್ಟರ ಮಟ್ಟಿಗೆ ಹೋಗಬಹುದೆಂಬುದನ್ನು ಅವರ ಕಾಲದವರು ಊಹಿಸುವಂತಿರಲಿಲ್ಲ.

ಅವರ ಕಾಲದ ವೇಗ ಎಂತಹದ್ದೆಂಬುದಕ್ಕೆ 1812ರ ಯುದ್ಧಕ್ಕಿಂತ ಉತ್ತಮ ನಿದರ್ಶನವಿಲ್ಲ. ಅಮೆರಿಕದ ಹಡಗುಗಳ ವ್ಯಾಪಾರಕ್ಕೆ ಅಡ್ಡಿಯಾಗಿದ್ದ ಆಜ್ಞೆಗಳನ್ನು ಹಿಂತೆಗೆದುಕೊಳ್ಳಲು ಬ್ರಿಟನ್ ಆ ವರ್ಷದ ಜೂನ್ ತಿಂಗಳಲ್ಲಿ ನಿರ್ಧರಿಸಿತು. ಅದೇ ಜೂನ್ 18ರಂದು, ಆ ಸುದ್ದಿ ಇನ್ನೂ ಅಟ್ಲಾಂಟಿಕ್ ದಾಟದಿದ್ದಾಗ, ಅಮೆರಿಕ ಯುದ್ಧ ಘೋಷಿಸಿತು. ಯುದ್ಧ ಮುಗಿದದ್ದೂ ಹೀಗೆಯೇ. 1814ರ ಡಿಸೆಂಬರ್ 24ರಂದು ಯೂರೋಪಿನ ಗೆಂಟ್ ನಗರದಲ್ಲಿ ಶಾಂತಿ ಒಪ್ಪಂದಕ್ಕೆ ಸಹಿ ಬಿದ್ದಿದ್ದರೂ, 1815ರ ಜನವರಿ 8ರಂದು ನ್ಯೂ ಆರ್ಲಿಯನ್ಸ್‌ನಲ್ಲಿ ಎರಡೂ ಸೇನೆಗಳು ಅದನ್ನು ತಿಳಿಯದೆ ಕಾದಾಡಿದವು. ಇಂತಹ ಲೋಕದಲ್ಲಿ ಅಧ್ಯಕ್ಷರು ಪ್ರತಿಯೊಂದನ್ನೂ ತಾವೇ ನಿರ್ಧರಿಸುವುದು ಸಾಧ್ಯವಿರಲಿಲ್ಲ. 1803ರಲ್ಲಿ ಪ್ಯಾರಿಸ್ಸಿಗೆ ಹೋಗಿದ್ದ ಅಧ್ಯಕ್ಷ ಜೆಫರ್ಸನ್ನರ ಪ್ರತಿನಿಧಿಗಳಿಗೆ ನ್ಯೂ ಆರ್ಲಿಯನ್ಸ್ ಮತ್ತು ಅದರ ಸುತ್ತಲ ಪ್ರದೇಶವನ್ನು ಕೊಳ್ಳಲು ಮಾತ್ರ ಅಪ್ಪಣೆಯಿತ್ತು. ನೆಪೋಲಿಯನ್ ಇಡೀ ಲೂಸಿಯಾನಾ ಪ್ರಾಂತವನ್ನೇ ಮಾರುವುದಾಗಿ ಹೇಳಿದಾಗ, ಕೇಳಿ ಹೇಳುತ್ತೇವೆ ಎನ್ನುವಷ್ಟು ವ್ಯವಧಾನವಿಲ್ಲದೆ ಅವರು ತಾವೇ ಒಪ್ಪಿಕೊಂಡರು. ಅಧಿಕಾರ ಹೀಗೆ ರಾಯಭಾರಿಗಳಲ್ಲಿ, ಸೇನಾನಿಗಳಲ್ಲಿ, ಹಡಗಿನ ಕಪ್ತಾನರಲ್ಲಿ ಹಂಚಿಹೋಗಿತ್ತು. ನಿಧಾನವೇ ಅಧ್ಯಕ್ಷರ ಮೇಲಿನ ದೊಡ್ಡ ಅಂಕುಶವಾಗಿತ್ತು. ಹಾಗೆಂದು ಯಾರೂ ಸಂವಿಧಾನದಲ್ಲಿ ಬರೆಯಬೇಕಾಗಿರಲಿಲ್ಲ.

ಆ ಅಂಕುಶವನ್ನು ಮೊದಲು ಸಡಿಲಿಸಿದ್ದು ಟೆಲಿಗ್ರಾಫ್. ಅಂತರ್ಯುದ್ಧದ ಕಾಲದಲ್ಲಿ ಶ್ವೇತಭವನದೊಳಗೆ ತಂತಿಯ ಯಂತ್ರವಿರಲಿಲ್ಲ. ಅಬ್ರಹಾಂ ಲಿಂಕನ್ ಪಕ್ಕದಲ್ಲಿದ್ದ ಯುದ್ಧ ಇಲಾಖೆಯ ತಂತಿ ಕಚೇರಿಗೆ ನಡೆದುಹೋಗಿ, ದೊಡ್ಡ ಕದನಗಳು ನಡೆಯುತ್ತಿದ್ದಾಗ ಗಂಟೆಗಟ್ಟಲೆ ಅಲ್ಲೇ ಕುಳಿತು, ಬಂದ ತಂತಿಗಳನ್ನು ಒಂದೊಂದಾಗಿ ಓದುತ್ತಿದ್ದರು. ತಮಗಲ್ಲದೆ ಬೇರೆಯವರಿಗೆ ಬಂದ ತಂತಿಗಳನ್ನೂ ಓದುತ್ತಿದ್ದುದರಿಂದ ಸೇನಾನಿಗಳು ತಮ್ಮತಮ್ಮಲ್ಲಿ ಏನು ಹೇಳಿಕೊಳ್ಳುತ್ತಿದ್ದಾರೆಂಬುದೂ ಅವರಿಗೆ ತಿಳಿಯುತ್ತಿತ್ತು. 1862ರ ಮೇ ತಿಂಗಳಲ್ಲಿ ಶೆನಂಡೋವಾ ಕಣಿವೆಯಲ್ಲಿದ್ದ ಶತ್ರುಸೇನಾನಿ ಸ್ಟೋನ್‌ವಾಲ್ ಜಾಕ್ಸನ್‌ನನ್ನು ಸುತ್ತುಗಟ್ಟಲು ಅವರು ವಾಷಿಂಗ್ಟನ್ನಿನಿಂದಲೇ ಬೇರೆ ಬೇರೆ ದಳಗಳಿಗೆ ಅಪ್ಪಣೆ ಕಳಿಸಿದರು. ದಳಗಳು ಹೇಳಿದ ಹೊತ್ತಿಗೆ ಹೇಳಿದ ಜಾಗವನ್ನು ಮುಟ್ಟಲಿಲ್ಲ, ಜಾಕ್ಸನ್ ತಪ್ಪಿಸಿಕೊಂಡ. ತಂತಿ ದೂರದ ರಣರಂಗವನ್ನು ಅಧ್ಯಕ್ಷರ ಮೇಜಿನ ಮೇಲೆ ತಂದಿಟ್ಟಿತೇ ವಿನಾ ಅಲ್ಲಿನ ಕೆಸರು, ಮಳೆ, ದಣಿವುಗಳನ್ನು ತರಲಿಲ್ಲ. ನೂರು ವರ್ಷಗಳ ಮೇಲೆ ಲಿಂಡನ್ ಜಾನ್ಸನ್ ಮಂಗಳವಾರದ ಊಟದ ಸಭೆಗಳಲ್ಲಿ ಉತ್ತರ ವಿಯೆಟ್ನಾಮಿನ ಯಾವ ಸೇತುವೆಯ ಮೇಲೆ ಬಾಂಬ್ ಹಾಕಬೇಕು, ಯಾವುದನ್ನು ಬಿಡಬೇಕು ಎಂದು ತಾವೇ ಆರಿಸುತ್ತಿದ್ದುದು ಇದೇ ದಾರಿಯ ಮುಂದಿನ ಹೆಜ್ಜೆ. ಆದರೂ ನನ್ನ ಎಣಿಕೆಯಲ್ಲಿ ಲಿಂಕನ್ನರ ತಂತಿ ಕಚೇರಿ ಒಟ್ಟಾರೆ ಒಳ್ಳೆಯದನ್ನೇ ಮಾಡಿತು. ಚುನಾಯಿತ ನಾಯಕನೊಬ್ಬ ಸೇನಾನಿಗಳನ್ನು ನಿಜವಾಗಿ ಪ್ರಶ್ನಿಸಬಲ್ಲವನಾದದ್ದು ಆಗಲೇ.

ರೇಡಿಯೊ ಮಾಡಿದ್ದು ಬೇರೆಯೇ ಕೆಲಸ. 1933ರ ಮಾರ್ಚ್ 4ರಂದು ಫ್ರಾಂಕ್ಲಿನ್ ರೂಸ್ವೆಲ್ಟ್ ಅಧಿಕಾರ ವಹಿಸಿಕೊಂಡಾಗ ಜನ ಬ್ಯಾಂಕುಗಳ ಮುಂದೆ ಸಾಲುಗಟ್ಟಿ ತಮ್ಮ ಠೇವಣಿಯನ್ನು ವಾಪಸು ಕೇಳುತ್ತಿದ್ದರು. ಅವರು ದೇಶದ ಎಲ್ಲ ಬ್ಯಾಂಕುಗಳಿಗೂ ರಜೆ ಘೋಷಿಸಿದರು. ಮಾರ್ಚ್ 9ರಂದು ಕಾಂಗ್ರೆಸ್ ಒಂದೇ ದಿನದಲ್ಲಿ ತುರ್ತು ಬ್ಯಾಂಕಿಂಗ್ ಕಾಯಿದೆಯನ್ನು ಅಂಗೀಕರಿಸಿತು. ಮಾರ್ಚ್ 12ರ ಭಾನುವಾರ ರಾತ್ರಿ ರೂಸ್ವೆಲ್ಟ್ ರೇಡಿಯೊದ ಮುಂದೆ ಕುಳಿತು, ನೀವು ಇಟ್ಟ ಹಣವನ್ನು ಬ್ಯಾಂಕು ಏನು ಮಾಡುತ್ತದೆ, ಎಲ್ಲರೂ ಒಟ್ಟಿಗೆ ಕೇಳಿದರೆ ಏಕೆ ಕೊಡಲಾಗುವುದಿಲ್ಲ, ನಾಳೆಯಿಂದ ಯಾವ ಬ್ಯಾಂಕುಗಳು ಯಾವ ಕ್ರಮದಲ್ಲಿ ತೆರೆಯುತ್ತವೆ ಎಂಬುದನ್ನು ಕಾಲು ಗಂಟೆಗೂ ಕಡಿಮೆ ಹೊತ್ತಿನಲ್ಲಿ ಸರಳವಾಗಿ ವಿವರಿಸಿದರು. ಮರುದಿನ ಬ್ಯಾಂಕುಗಳು ತೆರೆದಾಗ ಜನ ಹಣ ತೆಗೆಯುವುದಕ್ಕಿಂತ ಹೆಚ್ಚಾಗಿ ಕಟ್ಟಲು ಬಂದರು. ಪತ್ರಿಕೆಯ ಸಂಪಾದಕ, ಪಕ್ಷದ ಸ್ಥಳೀಯ ನಾಯಕ, ಕಾಂಗ್ರೆಸ್ ಸದಸ್ಯ, ಯಾರ ಮಧ್ಯಸ್ಥಿಕೆಯೂ ಇಲ್ಲದೆ ಅಧ್ಯಕ್ಷರ ಮಾತು ನೇರವಾಗಿ ಮನೆಯೊಳಗೆ ಹೋಗಿತ್ತು. ಇಲ್ಲಿ ಗಮನಿಸಬೇಕಾದ ಎರಡು ಸಂಗತಿಗಳಿವೆ. ಆ ಮಾತಿನ ಹಿಂದೆ ಅಂಗೀಕಾರವಾದ ಕಾಯಿದೆಯೊಂದಿತ್ತು. ಜೊತೆಗೆ, ಹನ್ನೆರಡು ವರ್ಷಗಳಲ್ಲಿ ಅವರು ಇಂತಹ ಭಾಷಣಗಳನ್ನು ಮಾಡಿದ್ದು ಸುಮಾರು ಮೂವತ್ತು ಸಲ ಮಾತ್ರ. ಪದೇ ಪದೇ ಕೇಳಿದ ದನಿ ಬೆಲೆ ಕಳೆದುಕೊಳ್ಳುತ್ತದೆಂಬುದು ಅವರಿಗೆ ಗೊತ್ತಿತ್ತು.

ಟಿವಿಯ ವಿಷಯ ಬಹಳ ಜನರಿಗೆ ತಿಳಿದದ್ದೇ. 1960ರ ಸೆಪ್ಟೆಂಬರ್ 26ರಂದು ಷಿಕಾಗೋದಲ್ಲಿ ಅಧ್ಯಕ್ಷ ಸ್ಥಾನದ ಅಭ್ಯರ್ಥಿಗಳಾದ ಕೆನಡಿ ಮತ್ತು ನಿಕ್ಸನ್ ನಡೆಸಿದ ಚರ್ಚೆಯನ್ನು ಸುಮಾರು ಏಳು ಕೋಟಿ ಜನ ನೋಡಿದರು. 1961ರ ಜನವರಿ 25ರಂದು ಕೆನಡಿ ಮೊದಲ ಬಾರಿಗೆ ಪತ್ರಿಕಾಗೋಷ್ಠಿಯನ್ನು ಟಿವಿಯಲ್ಲಿ ನೇರಪ್ರಸಾರಕ್ಕೆ ಒಡ್ಡಿದರು. ಟಿವಿ ಅಧ್ಯಕ್ಷರನ್ನು ದೊಡ್ಡವರನ್ನಾಗಿಸಿತು, ಜೊತೆಗೆ ಬಯಲಿಗೂ ತಂದಿತು. 1919ರಲ್ಲಿ ವುಡ್ರೊ ವಿಲ್ಸನ್ ಪಾರ್ಶ್ವವಾಯುವಿಗೆ ತುತ್ತಾದಾಗ ಅದರ ತೀವ್ರತೆಯನ್ನು ತಿಂಗಳುಗಟ್ಟಲೆ ಮುಚ್ಚಿಡಲಾಗಿತ್ತು. ರೂಸ್ವೆಲ್ಟರ ಗಾಲಿಕುರ್ಚಿಯ ಚಿತ್ರ ಪತ್ರಿಕೆಗಳಲ್ಲಿ ಬರುತ್ತಿದ್ದುದು ತೀರ ಅಪರೂಪ. ಇಂದು ವಿಮಾನದ ಮೆಟ್ಟಿಲಲ್ಲಿ ಅಧ್ಯಕ್ಷರು ಒಮ್ಮೆ ಎಡವಿದರೆ ಸಂಜೆಯೊಳಗೆ ಜಗತ್ತೇ ನೋಡಿರುತ್ತದೆ.

ಆದರೆ ಪದವಿಯ ಸ್ವರೂಪವನ್ನೇ ಬುಡಮೇಲು ಮಾಡಿದ್ದು ಪರಮಾಣು ಅಸ್ತ್ರ. ಇದರ ಚರಿತ್ರೆಯಲ್ಲಿ ಹಲವರು ಗಮನಿಸದ ಒಂದು ತಿರುವಿದೆ. 1945ರ ಜುಲೈ 25ರಂದು ಸೇನೆಗೆ ಹೋದ ಲಿಖಿತ ಆದೇಶದಲ್ಲಿ ಮೊದಲ ಬಾಂಬಿನ ಜೊತೆಗೆ, ಮುಂದಿನ ಬಾಂಬುಗಳನ್ನೂ ಸಿದ್ಧವಾದಂತೆಲ್ಲ ಹಾಕಬಹುದೆಂದಿತ್ತು. ಹೀಗಾಗಿ ಆಗಸ್ಟ್ 9ರಂದು ನಾಗಾಸಾಕಿಯ ಮೇಲೆ ಬಿದ್ದ ಬಾಂಬಿಗೆ ಅಧ್ಯಕ್ಷ ಹ್ಯಾರಿ ಟ್ರೂಮನ್ ಪ್ರತ್ಯೇಕ ಅಪ್ಪಣೆ ಕೊಟ್ಟಿರಲಿಲ್ಲ. ಮರುದಿನ, ಇನ್ನೊಂದು ಬಾಂಬು ಕೆಲವೇ ದಿನಗಳಲ್ಲಿ ಸಿದ್ಧವಾಗುತ್ತದೆಂಬ ವರದಿ ಬಂದಾಗ, ಅಧ್ಯಕ್ಷರ ಸ್ಪಷ್ಟ ಅಪ್ಪಣೆಯಿಲ್ಲದೆ ಇನ್ನು ಮುಂದೆ ಬಾಂಬು ಹಾಕಕೂಡದೆಂದು ಅವರು ತಡೆದರು. ಎಂದರೆ, ಅಣ್ವಸ್ತ್ರದ ಮೇಲಿನ ಅಧ್ಯಕ್ಷರ ಏಕೈಕ ಅಧಿಕಾರ ಹುಟ್ಟಿದ್ದು ಒಂದು ತಡೆಯಾಗಿ, ಸೇನೆಯ ಕೈಯನ್ನು ಕಟ್ಟುವುದಕ್ಕಾಗಿ. 1962ರಲ್ಲಿ ಕೆನಡಿ ಯೂರೋಪಿನಲ್ಲಿದ್ದ ಅಸ್ತ್ರಗಳಿಗೆ ಸಂಕೇತದ ಬೀಗಗಳನ್ನು ಅಳವಡಿಸಲು ಆಜ್ಞಾಪಿಸಿದ್ದೂ ಇದೇ ಉದ್ದೇಶದಿಂದ.

ಖಂಡಾಂತರ ಕ್ಷಿಪಣಿ ಬಂದ ಮೇಲೆ ಅದೇ ಏರ್ಪಾಟಿನ ಅರ್ಥ ತಿರುವುಮುರುವಾಯಿತು. ರಷ್ಯಾದ ನೆಲದಿಂದ ಹಾರಿದ ಕ್ಷಿಪಣಿ ಅಮೆರಿಕವನ್ನು ಮುಟ್ಟಲು ಸುಮಾರು ಅರ್ಧ ಗಂಟೆ ಸಾಕು. ಕರಾವಳಿಯ ಸಮೀಪದ ಜಲಾಂತರ್ಗಾಮಿಯಿಂದ ಹಾರಿದರೆ ಅದಕ್ಕೂ ಕಡಿಮೆ. ಉಪಗ್ರಹ ಕಂಡದ್ದನ್ನು ರಾಡಾರ್ ದೃಢಪಡಿಸಿ, ಅಧಿಕಾರಿಗಳು ಅಧ್ಯಕ್ಷರನ್ನು ಸಂಪರ್ಕಿಸಿ, ಆಯ್ಕೆಗಳನ್ನು ವಿವರಿಸುವಷ್ಟರಲ್ಲಿ ನಿರ್ಧಾರಕ್ಕೆ ಉಳಿಯುವುದು ಬೆರಳೆಣಿಕೆಯ ನಿಮಿಷಗಳು. ಅಧ್ಯಕ್ಷರು ಎಲ್ಲಿಗೆ ಹೋದರೂ ಸೇನಾಧಿಕಾರಿಯೊಬ್ಬರು ಹೊತ್ತು ಹಿಂಬಾಲಿಸುವ ಕಪ್ಪು ಚೀಲದಲ್ಲಿ ಜನ ಭಾವಿಸುವಂತೆ ಗುಂಡಿಯೇನೂ ಇಲ್ಲ. ಅದರಲ್ಲಿರುವುದು ದಾಳಿಯ ಆಯ್ಕೆಗಳ ಕಡತ ಮತ್ತು ಸಂಪರ್ಕದ ವ್ಯವಸ್ಥೆ. ಅಧ್ಯಕ್ಷರ ಬಳಿಯಿರುವ ಸಂಕೇತದ ಕಾರ್ಡು, ಅಪ್ಪಣೆ ಕೊಡುತ್ತಿರುವವರು ಅವರೇ ಎಂಬುದನ್ನು ರಕ್ಷಣಾ ಇಲಾಖೆಯ ಕೇಂದ್ರವಾದ ಪೆಂಟಗನ್ನಿಗೆ ಖಚಿತಪಡಿಸುತ್ತದೆ, ಅಷ್ಟೆ. ಉಪಾಧ್ಯಕ್ಷರ, ರಕ್ಷಣಾ ಕಾರ್ಯದರ್ಶಿಯ, ಕಾಂಗ್ರೆಸ್ಸಿನ, ಯಾರ ಒಪ್ಪಿಗೆಯೂ ಕಾನೂನಿನ ಪ್ರಕಾರ ಬೇಕಿಲ್ಲ. ಯುದ್ಧ ಘೋಷಿಸುವ ಅಧಿಕಾರವನ್ನು ಕಾಂಗ್ರೆಸ್ಸಿಗೆ ಕೊಟ್ಟ ಸಂವಿಧಾನದ ಮೊದಲ ವಿಧಿ ಇನ್ನೂ ಇದೆ. ಕಾಂಗ್ರೆಸ್ ಕೊನೆಯದಾಗಿ ಅದನ್ನು ಬಳಸಿದ್ದು 1942ರಲ್ಲಿ.

ಈ ಭಯ ಕಾಲ್ಪನಿಕವಲ್ಲ. 1979ರ ನವೆಂಬರ್ 9ರಂದು ತರಬೇತಿಗಾಗಿ ಸಿದ್ಧಪಡಿಸಿದ್ದ ದಾಳಿಯ ದೃಶ್ಯವೊಂದು ಎಚ್ಚರಿಕೆ ಕೇಂದ್ರದ ನಿಜವಾದ ಪರದೆಗಳ ಮೇಲೆ ಮೂಡಿ, ಸೋವಿಯತ್ ಕ್ಷಿಪಣಿಗಳು ಬರುತ್ತಿವೆಯೆಂಬ ಭ್ರಮೆ ಹುಟ್ಟಿಸಿತು. 1980ರ ಜೂನ್ ತಿಂಗಳಲ್ಲಿ ಕೆಟ್ಟುಹೋದ ಸಣ್ಣ ಚಿಪ್ ಒಂದು ಮತ್ತೆ ಅಂತಹದೇ ಎಚ್ಚರಿಕೆ ಕೊಟ್ಟಿತು. ಎರಡು ಸಲವೂ ಅಧಿಕಾರಿಗಳು ಬೇರೆ ಸಾಧನಗಳಿಂದ ಪರೀಕ್ಷಿಸಿ ಸುಳ್ಳೆಂದು ಕಂಡುಕೊಂಡರು. 2017ರ ನವೆಂಬರ್ ತಿಂಗಳಲ್ಲಿ, ನಾಲ್ಕು ದಶಕಗಳಲ್ಲಿ ಮೊದಲ ಬಾರಿಗೆ, ಸೆನೆಟ್ಟಿನ ವಿದೇಶಾಂಗ ಸಮಿತಿ ಈ ಅಧಿಕಾರದ ಬಗ್ಗೆ ವಿಚಾರಣೆ ನಡೆಸಿತು. ಕಾನೂನುಬಾಹಿರ ಅಪ್ಪಣೆಯನ್ನು ಸೇನೆ ನಿರಾಕರಿಸಬಹುದೆಂದು ನಿವೃತ್ತ ಜನರಲ್ ರಾಬರ್ಟ್ ಕೆಹ್ಲರ್ ಹೇಳಿದರು. ನಿರಾಕರಿಸಿದ ಮೇಲೆ ಏನಾಗುತ್ತದೆ ಎಂದು ಕೇಳಿದಾಗ, ತಮಗೆ ನಿಖರವಾಗಿ ಗೊತ್ತಿಲ್ಲವೆಂದರು. ಆ ಅಸ್ತ್ರಗಳ ಉಸ್ತುವಾರಿ ನೋಡಿಕೊಂಡಿದ್ದ ಅಧಿಕಾರಿಯ ಬಾಯಿಂದ ಬಂದ ಈ ಉತ್ತರವನ್ನು ನಾನು ಬಹಳ ಗಂಭೀರವಾಗಿ ತೆಗೆದುಕೊಳ್ಳುತ್ತೇನೆ. ಶತ್ರುವಿಗಿಂತ ಮೊದಲು ಅಣ್ವಸ್ತ್ರ ಬಳಸಬೇಕಾದರೆ ಕಾಂಗ್ರೆಸ್ಸಿನ ಯುದ್ಧ ಘೋಷಣೆ ಇರಬೇಕೆನ್ನುವ ಮಸೂದೆಗಳು ಮಂಡನೆಯಾಗಿವೆ, ಕಾನೂನಾಗಿಲ್ಲ.

ಕಾಲಾವಕಾಶದ ಬೆಲೆ ತಿಳಿಯಬೇಕಾದರೆ 1962ರ ಅಕ್ಟೋಬರ್ ತಿಂಗಳನ್ನು ನೋಡಬೇಕು. ಯು-2 ಬೇಹುಗಾರಿಕಾ ವಿಮಾನ ತೆಗೆದ ಛಾಯಾಚಿತ್ರಗಳಲ್ಲಿ ಕ್ಯೂಬಾದ ಸೋವಿಯತ್ ಕ್ಷಿಪಣಿ ನೆಲೆಗಳು ಕಂಡಿವೆಯೆಂದು ಕೆನಡಿಗೆ ತಿಳಿದದ್ದು 16ರಂದು. ಅವರು ಜನರಿಗೆ ಟಿವಿಯಲ್ಲಿ ತಿಳಿಸಿದ್ದು 22ರಂದು. ನಡುವಿನ ದಿನಗಳಲ್ಲಿ, ಮೊದಲು ಬಾಂಬು ಹಾಕಬೇಕೆಂದಿದ್ದ ಸಲಹೆಗಾರರಲ್ಲಿ ಹಲವರು ಮನಸ್ಸು ಬದಲಿಸಿ ನೌಕಾ ತಡೆಯೇ ಸಾಕೆಂಬ ಅಭಿಪ್ರಾಯಕ್ಕೆ ಬಂದರು. ಇಂದು ಖಾಸಗಿ ಉಪಗ್ರಹಗಳ ಚಿತ್ರಗಳು ಯಾರಿಗೆ ಬೇಕಾದರೂ ಸಿಗುವಾಗ ಅಂತಹ ಆರು ದಿನಗಳ ಗುಟ್ಟು ಉಳಿಯುವುದು ಕಷ್ಟ. ಗುಟ್ಟು ಒಡೆದ ಮರುಗಳಿಗೆಯಿಂದ ಏನಾದರೂ ಮಾಡಿ ಎಂಬ ಒತ್ತಡ ಶುರುವಾಗುತ್ತದೆ. ನಿಧಾನಕ್ಕೂ ಅಪಾಯವಿತ್ತೆಂಬುದನ್ನು ಮರೆಯಬಾರದು. ಆಗ ಕ್ರೆಮ್ಲಿನ್‌ನ ದೀರ್ಘ ಪತ್ರಗಳು ವಾಷಿಂಗ್ಟನ್ನನ್ನು ಪೂರ್ತಿಯಾಗಿ ಮುಟ್ಟಲು ಅರ್ಧ ದಿನವೇ ಹಿಡಿಯುತ್ತಿತ್ತು. ಸೋವಿಯತ್ ರಾಯಭಾರಿ ಡೊಬ್ರಿನಿನ್ ಅವರ ತಂತಿಗಳನ್ನು ವೆಸ್ಟರ್ನ್ ಯೂನಿಯನ್ ಕಂಪನಿಯ ಹುಡುಗ ಸೈಕಲ್ಲಿನಲ್ಲಿ ಬಂದು ಒಯ್ಯುತ್ತಿದ್ದ. ಈ ಅನುಭವದಿಂದಲೇ 1963ರ ಆಗಸ್ಟ್‌ನಲ್ಲಿ ಎರಡು ರಾಜಧಾನಿಗಳ ನಡುವೆ ನೇರ ಸಂಪರ್ಕ ಏರ್ಪಟ್ಟಿತು. ಸಿನಿಮಾಗಳಲ್ಲಿ ಕಾಣುವ ಕೆಂಪು ಫೋನು ಅದಾಗಿರಲಿಲ್ಲ. ಅಕ್ಷರ ಮುದ್ರಿಸುವ ಟೆಲಿಟೈಪ್ ಯಂತ್ರವನ್ನೇ ಆರಿಸಿದ್ದರು. ದುಡುಕಿ ಆಡಿದ ಮಾತಿಗಿಂತ ಬರೆದ ಮಾತಿನಲ್ಲಿ ವಿವೇಚನೆ ಹೆಚ್ಚೆಂಬ ಆ ನಿರ್ಧಾರ ನನಗೆ ಈ ಇಡೀ ಚರಿತ್ರೆಯಲ್ಲೇ ಅತ್ಯಂತ ಪ್ರೌಢವಾದದ್ದಾಗಿ ಕಾಣುತ್ತದೆ.

ಡ್ರೋನ್‌ಗಳು ತಂದ ಬದಲಾವಣೆ ಕಾನೂನಿನ ಅರ್ಥಕ್ಕೇ ಕೈಹಾಕಿತು. ಕಾಂಗ್ರೆಸ್ಸಿನ ಅನುಮತಿಯಿಲ್ಲದೆ ಸೇನೆ ಸಂಘರ್ಷದಲ್ಲಿ 60 ದಿನಗಳಿಗಿಂತ ಹೆಚ್ಚು ಇರಕೂಡದೆಂಬುದು ವಿಯೆಟ್ನಾಂ ಯುದ್ಧದ ಪಾಠದಿಂದ 1973ರಲ್ಲಿ ಬಂದ ಯುದ್ಧಾಧಿಕಾರ ನಿರ್ಣಯದ ತಿರುಳು. 2011ರ ಮಾರ್ಚ್ 19ರಂದು ಲಿಬಿಯಾದ ಮೇಲೆ ದಾಳಿ ಆರಂಭಿಸಿದ ಒಬಾಮ ಆಡಳಿತ ಮೇ ತಿಂಗಳಲ್ಲಿ ಆ ಗಡುವನ್ನು ದಾಟಿತು. ನೆಲದ ಮೇಲೆ ಅಮೆರಿಕದ ಪಡೆಗಳಿಲ್ಲ, ಶತ್ರುವಿನೊಡನೆ ಗುಂಡಿನ ವಿನಿಮಯವಿಲ್ಲ, ಅಮೆರಿಕನ್ನರ ಸಾವುನೋವಿಲ್ಲ, ಆದ್ದರಿಂದ ಇದು ಆ ಕಾನೂನು ಹೇಳುವ ಸಂಘರ್ಷವೇ ಅಲ್ಲ ಎಂದು ಅದು ವಾದಿಸಿತು. ಬಾಂಬು ಬೀಳುತ್ತಿದ್ದ ನೆಲದಲ್ಲಿ ನಿಂತವರಿಗೆ ಈ ವಾದ ಹೇಗೆ ಕೇಳಿಸಿರಬಹುದು? ತನ್ನವರ ಪ್ರಾಣಕ್ಕೆ ಅಪಾಯವಿಲ್ಲದಂತೆ ಯುದ್ಧ ಮಾಡುವ ಯಂತ್ರಗಳು ಬಂದರೆ, ಯುದ್ಧಕ್ಕೆ ಜನಪ್ರತಿನಿಧಿಗಳ ಒಪ್ಪಿಗೆ ಬೇಕೆಂಬ ನಿಯಮವೂ ಸವೆಯುತ್ತದೆಂಬುದನ್ನು ಅದು ತೋರಿಸಿತು. ಆ ವಾದ ತಪ್ಪೆಂದೇ ನನ್ನ ನಿಲುವು.

ತಂತ್ರಜ್ಞಾನ ಅಧ್ಯಕ್ಷರನ್ನು ಕಟ್ಟಿಹಾಕಿದ್ದೂ ಉಂಟು. ರಿಚರ್ಡ್ ನಿಕ್ಸನ್ 1971ರಲ್ಲಿ ತಮ್ಮ ಕಚೇರಿಯಲ್ಲಿ ಮಾತು ಕೇಳಿದೊಡನೆ ತಾನಾಗಿ ಚಾಲೂ ಆಗುವ ಧ್ವನಿಮುದ್ರಣ ಯಂತ್ರಗಳನ್ನು ಇರಿಸಿಕೊಂಡರು. ಸುಮಾರು 3,700 ಗಂಟೆಗಳ ಸಂಭಾಷಣೆ ದಾಖಲಾಯಿತು. ವಾಟರ್‌ಗೇಟ್ ಹಗರಣದ, ಅಂದರೆ ವಿರೋಧ ಪಕ್ಷದ ಕಚೇರಿಗೆ ನುಗ್ಗಿದ ಪ್ರಕರಣದ, ವಿಚಾರಣೆಯಲ್ಲಿ ಈ ಸಂಗತಿ ಹೊರಬಿದ್ದ ಮೇಲೆ, 1974ರ ಜುಲೈ 24ರಂದು ಸುಪ್ರೀಂ ಕೋರ್ಟ್ ಸರ್ವಾನುಮತದಿಂದ ಟೇಪುಗಳನ್ನು ಒಪ್ಪಿಸಲು ಆದೇಶಿಸಿತು. ಆ ಪ್ರಕರಣದ ತನಿಖೆಯನ್ನು ತಡೆಯಲು ನಿಕ್ಸನ್ ಒಪ್ಪಿದ ಮಾತು 1972ರ ಜೂನ್ 23ರ ಟೇಪಿನಲ್ಲಿತ್ತು. ಆಗಸ್ಟ್ 9ರಂದು ಅವರು ಪದವಿ ಬಿಟ್ಟರು. ಇರಾನಿಗೆ ಗುಟ್ಟಾಗಿ ಶಸ್ತ್ರ ಮಾರಿ ಆ ಹಣವನ್ನು ನಿಕರಾಗುವಾದ ಬಂಡುಕೋರರಿಗೆ ಕೊಟ್ಟ ಇರಾನ್-ಕಾಂಟ್ರಾ ಹಗರಣ ಬಯಲಾದ 1986ರಲ್ಲಿ ರಾಷ್ಟ್ರೀಯ ಭದ್ರತಾ ಮಂಡಳಿಯ ಅಧಿಕಾರಿಗಳು ತಮ್ಮ ಇ-ಮೇಲ್‌ಗಳನ್ನು ಅಳಿಸಿದರೂ, ಅವರಿಗೆ ತಿಳಿಯದ ಪ್ರತಿಗಳು ಬ್ಯಾಕಪ್ ಟೇಪುಗಳಲ್ಲಿ ಉಳಿದು ಸಾಕ್ಷ್ಯವಾದವು. 1978ರ ಕಾಯಿದೆಯ ಪ್ರಕಾರ ಅಧ್ಯಕ್ಷರ ಅಧಿಕೃತ ದಾಖಲೆಗಳೆಲ್ಲ ದೇಶದ ಸ್ವತ್ತು. 2025ರ ಮಾರ್ಚ್‌ನಲ್ಲಿ ಯೆಮೆನ್ ದಾಳಿಯ ಬಗ್ಗೆ ಉನ್ನತಾಧಿಕಾರಿಗಳು ಸಿಗ್ನಲ್ ಆ್ಯಪ್‌ನಲ್ಲಿ ಮಾತಾಡಿಕೊಂಡಾಗ, ಆ ಗುಂಪಿಗೆ ಪತ್ರಕರ್ತರೊಬ್ಬರನ್ನು ತಪ್ಪಾಗಿ ಸೇರಿಸಿದ್ದೇ ದೊಡ್ಡ ಸುದ್ದಿಯಾಯಿತು. ಕೆಲವು ಸಂದೇಶಗಳು ತಾವಾಗಿ ಅಳಿದುಹೋಗುವಂತೆ ಹೊಂದಿಸಲಾಗಿತ್ತೆಂಬ ಅಂಶವೂ ಅಷ್ಟೇ ಕಳವಳಕಾರಿ.

ಇನ್ನು ನಿಮ್ಮ ಎರಡನೆಯ ಪ್ರಶ್ನೆ. ಜಾಲತಾಣದ ಬರಹ ಆದೇಶವೇ ಎಂಬುದಕ್ಕೆ ಉತ್ತರ ವಿಷಯವನ್ನು ಅವಲಂಬಿಸಿದೆ. ಸಂಪುಟದ ಸದಸ್ಯರನ್ನು ವಜಾ ಮಾಡುವುದು ಅಧ್ಯಕ್ಷರ ಸ್ವಂತ ಅಧಿಕಾರ. 2018ರ ಮಾರ್ಚ್ 13ರಂದು ವಿದೇಶಾಂಗ ಕಾರ್ಯದರ್ಶಿ ರೆಕ್ಸ್ ಟಿಲ್ಲರ್‌ಸನ್ ಅವರ ಜಾಗಕ್ಕೆ ಬೇರೊಬ್ಬರೆಂದು ಡೊನಾಲ್ಡ್ ಟ್ರಂಪ್ ಟ್ವೀಟ್ ಮಾಡಿದಾಗ, ವಜಾದ ಮಟ್ಟಿಗೆ ಮುಂದೆ ಬೇರೆ ಹಂತವೇನೂ ಉಳಿದಿರಲಿಲ್ಲ. ಆದರೆ 2017ರ ಜುಲೈ 26ರಂದು ಲಿಂಗಪರಿವರ್ತಿತರಿಗೆ ಸೇನೆಯಲ್ಲಿ ಅವಕಾಶವಿಲ್ಲವೆಂದು ಅವರು ಟ್ವೀಟ್ ಮಾಡಿದ ಮರುದಿನ, ಸೇನಾ ಮುಖ್ಯಸ್ಥರ ಮಂಡಳಿಯ ಅಧ್ಯಕ್ಷ ಜನರಲ್ ಜೋಸೆಫ್ ಡನ್‌ಫೋರ್ಡ್, ರಕ್ಷಣಾ ಕಾರ್ಯದರ್ಶಿಯ ಮೂಲಕ ವಿಧಿವತ್ತಾದ ನಿರ್ದೇಶನ ಬರುವವರೆಗೆ ಈಗಿನ ನೀತಿಯಲ್ಲಿ ಬದಲಾವಣೆಯಿಲ್ಲವೆಂದು ತಮ್ಮ ಅಧಿಕಾರಿಗಳಿಗೆ ತಿಳಿಸಿದರು. ಲಿಖಿತ ನಿರ್ದೇಶನ ಬಂದದ್ದು ಆಗಸ್ಟ್ 25ರಂದು. ಆ ಒಂದು ತಿಂಗಳು ಆಡಳಿತ ಯಂತ್ರ ತನ್ನ ಕ್ರಮವನ್ನು ಕಾಪಾಡಿಕೊಂಡಿತು.

ಸುಂಕದ ಅಧಿಕಾರ ಮೂಲತಃ ಕಾಂಗ್ರೆಸ್ಸಿನದು. 1977ರ ತುರ್ತು ಆರ್ಥಿಕ ಅಧಿಕಾರಗಳ ಕಾಯಿದೆಯನ್ನು ಆಧರಿಸಿ ಅಧ್ಯಕ್ಷರೇ ಸುಂಕ ಹೇರಬಹುದೇ ಎಂಬ ವಿವಾದ, 2025ರಲ್ಲಿ ಟ್ರಂಪ್ ಹಾಗೆ ಆಮದು ಸುಂಕ ಹೇರಿದ ಮೇಲೆ, ನ್ಯಾಯಾಲಯದ ಮೆಟ್ಟಿಲೇರಿತು. ಆದರೆ ಮಾರುಕಟ್ಟೆ ನ್ಯಾಯಾಲಯಕ್ಕಾಗಿ ಕಾಯುವುದಿಲ್ಲ. 2025ರ ಏಪ್ರಿಲ್ 7ರಂದು ಸುಂಕಕ್ಕೆ 90 ದಿನಗಳ ತಡೆಯಿದೆಯೆಂಬ ಸುಳ್ಳು ಸುದ್ದಿಗೆ ಷೇರುಗಳು ನಿಮಿಷಗಳಲ್ಲಿ ಜಿಗಿದು, ಶ್ವೇತಭವನ ನಿರಾಕರಿಸಿದ ಕೂಡಲೇ ಕುಸಿದವು. ಎರಡೇ ದಿನಗಳಲ್ಲಿ ಟ್ರಂಪ್ ನಿಜವಾಗಿಯೂ ಅಂತಹ ತಡೆಯನ್ನು ತಮ್ಮದೇ ಜಾಲತಾಣವಾದ ಟ್ರುತ್ ಸೋಷಿಯಲ್‌ನಲ್ಲಿ ಪ್ರಕಟಿಸಿದಾಗ ಅಮೆರಿಕದ ಷೇರುಪೇಟೆಯ ಎಸ್ ಆ್ಯಂಡ್ ಪಿ 500 ಸೂಚ್ಯಂಕ ಶೇ 9.5ರಷ್ಟು ಏರಿತು.

ನಿಮ್ಮ ಮಕ್ಕಳ ಗಾಬರಿ ಬಹುಶಃ 2025ರ ಸೆಪ್ಟೆಂಬರ್ 19ರದ್ದು. ಆ ವಾರಾಂತ್ಯ ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ನಿದ್ದೆಯಿರಲಿಲ್ಲ. ಎಚ್-1ಬಿ ವೀಸಾಕ್ಕೆ ಒಂದು ಲಕ್ಷ ಡಾಲರ್ ಶುಲ್ಕ ವಿಧಿಸುವ ಘೋಷಣೆಗೆ ಶುಕ್ರವಾರ ಸಹಿಯಾಯಿತು, ಭಾನುವಾರದಿಂದಲೇ ಜಾರಿಯೆಂದಿತ್ತು. ಸಹಿಯ ಸಮಯದಲ್ಲಿ ವಾಣಿಜ್ಯ ಕಾರ್ಯದರ್ಶಿ ಅದನ್ನು ವಾರ್ಷಿಕ ಶುಲ್ಕವೆಂಬಂತೆ ಮಾತಾಡಿದರು, ಹಲವು ಕಂಪನಿಗಳು ಹೊರದೇಶದಲ್ಲಿದ್ದ ನೌಕರರಿಗೆ ಕೂಡಲೇ ಮರಳುವಂತೆ ಸೂಚಿಸಿದವು. ಅದು ಒಂದೇ ಸಲದ ಶುಲ್ಕ, ಹೊಸ ಅರ್ಜಿಗಳಿಗೆ ಮಾತ್ರ, ಈಗಾಗಲೇ ವೀಸಾ ಇರುವವರ ಮರುಪ್ರವೇಶಕ್ಕೆ ಅನ್ವಯಿಸದು ಎಂಬ ಸ್ಪಷ್ಟನೆ ಬಂದದ್ದು ಶನಿವಾರ.

ಇಂತಹ ಸಂದರ್ಭಗಳಲ್ಲಿ ನೋಡಬೇಕಾದದ್ದು ಫೆಡರಲ್ ರಿಜಿಸ್ಟರ್ ಎಂಬ ಸರ್ಕಾರಿ ಗೆಜೆಟ್. 1930ರ ದಶಕದಲ್ಲಿ ತೈಲ ಕಂಪನಿಯೊಂದರ ಮೊಕದ್ದಮೆ ಸುಪ್ರೀಂ ಕೋರ್ಟಿಗೆ ಹೋದಾಗ, ಸರ್ಕಾರ ಜಾರಿಮಾಡುತ್ತಿದ್ದ ನಿಯಮವೇ ಕೈತಪ್ಪಿನಿಂದ ಆದೇಶದ ಪಠ್ಯದಿಂದ ಬಿಟ್ಟುಹೋಗಿದ್ದುದು ಬಯಲಾಗಿತ್ತು. ಆ ಮುಜುಗರದ ಫಲವಾಗಿ 1935ರಲ್ಲಿ ಕಾಯಿದೆಯಾಗಿ, 1936ರ ಮಾರ್ಚ್‌ನಿಂದ ಈ ಗೆಜೆಟ್ ಪ್ರಕಟವಾಗುತ್ತಿದೆ. ಜನರಿಗೆ ಅನ್ವಯಿಸುವ ಅಧ್ಯಕ್ಷೀಯ ಆದೇಶ ಮತ್ತು ಘೋಷಣೆಗಳು ಇದರಲ್ಲಿ ಪ್ರಕಟವಾಗಲೇಬೇಕು. ಅಂತರ್ಜಾಲದಲ್ಲಿ ಯಾರು ಬೇಕಾದರೂ ಉಚಿತವಾಗಿ ಓದಬಹುದು. ಸಹಿಯಾದ ಪಠ್ಯ ಅದಕ್ಕೂ ಮೊದಲೇ ಶ್ವೇತಭವನದ ಜಾಲತಾಣದಲ್ಲಿ ಸಾಮಾನ್ಯವಾಗಿ ಸಿಗುತ್ತದೆ. ವೀಸಾ ವಿಷಯವಾದರೆ ವಲಸೆ ಇಲಾಖೆಯ ಜ್ಞಾಪನವನ್ನೂ ಓದಬೇಕು, ಏಕೆಂದರೆ ಸೆಪ್ಟೆಂಬರ್‌ನಲ್ಲಿ ಗೊಂದಲವನ್ನು ಬಿಡಿಸಿದ್ದು ಆ ಜ್ಞಾಪನವೇ. ಇವು ಕೈಗೆ ಸಿಗುವ ಮೊದಲು, ಟಿವಿಯಲ್ಲಿ ಕೇಳಿದ ಮಾತನ್ನೋ ಜಾಲತಾಣದ ಸಾಲನ್ನೋ ನಂಬಿ ವಿಮಾನದ ಟಿಕೆಟ್ ಬದಲಾಯಿಸುವುದಾಗಲಿ ಕೆಲಸಕ್ಕೆ ರಾಜೀನಾಮೆ ಕೊಡುವುದಾಗಲಿ ಬೇಡ, ಕಂಪನಿಯ ವಲಸೆ ವಕೀಲರನ್ನು ಕೇಳಿ ಮುಂದುವರಿಯಲಿ ಎಂದು ಮಕ್ಕಳಿಗೆ ತಿಳಿಸಿ.